ಹತ್ತಿರದ ದಾರಿಗೆ ಬ್ಯಾಟರಿ ಸಾಲದಿದ್ದರೆ

ಪ್ರಶ್ನೆ: ನಾನು ಕೊಡಗಿನ ನಾಪೋಕ್ಲು ಕಡೆಯವನು. ಹೋದ ವರ್ಷ ಬ್ಯಾಟರಿ ಗೂಡ್ಸ್ ಆಟೊ ತೆಗೆದುಕೊಂಡೆ. ಬ್ಯಾಟರಿ 8 ಯೂನಿಟ್‌ನದು. ಕಕ್ಕಬ್ಬೆ ದಿಕ್ಕಿನ ಹೋಂಸ್ಟೇ, ಅಂಗಡಿ, ಎಸ್ಟೇಟ್ ಮನೆ ಎಲ್ಲ ಸೇರಿ ದಿನಾ ಒಂಬತ್ತು ಕಡೆ ಹಾಲು, ತರಕಾರಿ, ಅಕ್ಕಿ ಇಳಿಸುತ್ತೇನೆ. ಮ್ಯಾಪ್ ತೋರಿಸುವ ಹತ್ತಿರದ ದಾರಿಯಲ್ಲೇ ಹೋಗುತ್ತೇನೆ. ಆದರೂ ಚಾರ್ಜ್ ಸಾಲುವುದಿಲ್ಲ. ಮೊನ್ನೆ ಏರಿನ ಮಧ್ಯೆ ಗಾಡಿ ನಿಂತೇ ಹೋಯಿತು, ಜೀಪ್ ಕರೆಸಿ ಎಳೆಸಿದೆ. ದಾರಿಗಳ ಅಂಕಿ, ದಿನದ ಪಟ್ಟಿ ಜೊತೆಗೆ ಕಳಿಸಿದ್ದೇನೆ. ಇರುವ ಬ್ಯಾಟರಿಯಲ್ಲಿ ಯಾವ ದಾರಿ, ಯಾವ ಕ್ರಮ ಸರಿ ಅಂತ ಕಂಡುಹಿಡಿಯಲು ಲೆಕ್ಕ ಇದೆಯಾ? ಅದಕ್ಕೆ ಆ್ಯಪ್ ಏನಾದರೂ ಬೇಕಾ?

ಉತ್ತರ: ಲೆಕ್ಕ ಇದೆ. ಅದೂ ಚೆನ್ನಾಗಿರುವ ಲೆಕ್ಕ. ನಾನು ಇಪ್ಪತ್ತು ವರ್ಷ ಕಾಲೇಜಿನಲ್ಲಿ ಇದನ್ನೇ ಪಾಠ ಮಾಡಿದವನು. ಆದರೆ ಅದು ನಮ್ಮ ಗುಡ್ಡಗಳಲ್ಲಿ ಎಷ್ಟು ಉಪಯೋಗಕ್ಕೆ ಬರುತ್ತದೆ ಅಂತ ಗೊತ್ತಾಗಿದ್ದು ಊರಿಗೆ ವಾಪಸ್ ಬಂದ ಮೇಲೆ.

ಮೊದಲು ನಿಮ್ಮ ಗಾಡಿ ಯಾಕೆ ನಿಂತಿತು ನೋಡೋಣ. ಗಾಡಿ, ನೀವು, ಸಾಮಾನು ಎಲ್ಲ ಸೇರಿ 1,000 ಕಿಲೋ ಅಂತ ಇಟ್ಟುಕೊಳ್ಳಿ. ಇಷ್ಟು ಭಾರವನ್ನು 100 ಮೀಟರ್ ಎತ್ತರಕ್ಕೆ ಏರಿಸಲು 0.27 ಯೂನಿಟ್ ಕರೆಂಟು ಬೇಕೇ ಬೇಕು. ಮೋಟಾರಿನಲ್ಲಿ ಬಿಸಿಯಾಗಿ ಹೋಗುವುದನ್ನೂ ಸೇರಿಸಿದರೆ ಹತ್ತಿರ ಹತ್ತಿರ 0.35. ಅದೇ ಗಾಡಿ ಒಳ್ಳೆ ಡಾಂಬರು ರಸ್ತೆಯಲ್ಲಿ ಸಮತಟ್ಟಾಗಿ ಒಂದು ಕಿಲೋಮೀಟರ್ ನಿಧಾನವಾಗಿ ಓಡಲು ಸುಮಾರು 0.06 ಯೂನಿಟ್ ಸಾಕು. ಅಂದರೆ 100 ಮೀಟರ್ ಏರು ಅಂದರೆ ಸಮತಟ್ಟು ರಸ್ತೆಯಲ್ಲಿ 6 ಕಿಲೋಮೀಟರ್ ಓಡಿದ ಹಾಗೆ.

ಈ ಒಂದು ಅಳತೆ ತಲೆಯಲ್ಲಿಟ್ಟುಕೊಂಡರೆ ಕೊಡಗಿನ ನಕ್ಷೆಯೇ ಬೇರೆ ಥರ ಕಾಣುತ್ತದೆ. ಕುಶಾಲನಗರದಿಂದ ಮಡಿಕೇರಿಗೆ ಸುಮಾರು 30 ಕಿಲೋಮೀಟರ್. ಸಂಪಾಜೆಯಿಂದ ಮಡಿಕೇರಿಗೂ ಹೆಚ್ಚುಕಡಿಮೆ ಅಷ್ಟೇ. ಆದರೆ ಕುಶಾಲನಗರ ಕಡೆಯಿಂದ ಏರು ಸುಮಾರು 300 ಮೀಟರ್, ಸಂಪಾಜೆ ಕಡೆಯಿಂದ 900ಕ್ಕೂ ಜಾಸ್ತಿ. ನಿಮ್ಮ ಬ್ಯಾಟರಿಯ ಕಣ್ಣಿಗೆ ಮೊದಲನೆಯದು 48 ಕಿಲೋಮೀಟರ್ ಇದ್ದ ಹಾಗೆ, ಎರಡನೆಯದು 84. ಮ್ಯಾಪ್ ಎರಡನ್ನೂ ಒಂದೇ ಉದ್ದದ ಗೆರೆ ಎಳೆದು ತೋರಿಸುತ್ತದೆ.

ಇಳಿಜಾರಿನಲ್ಲಿ ವಾಪಸ್ ಬರುತ್ತಲ್ಲ ಅಂತ ಕೇಳಬಹುದು. ಬ್ರೇಕ್ ಹಿಡಿದಾಗ ಚಾರ್ಜ್ ಮಾಡಿಕೊಳ್ಳುವ ಗಾಡಿಯಾದರೆ ಸ್ವಲ್ಪ ಬರುತ್ತದೆ, ಪೂರ್ತಿ ಬರುವುದಿಲ್ಲ. ಇನ್ನೊಂದು ಮಾತು. ನಿಮ್ಮ ಶೆಡ್ಡು ಗುಡ್ಡದ ಮೇಲಿದ್ದು, ನೀವು ನೂರಕ್ಕೆ ನೂರು ಚಾರ್ಜ್ ಮಾಡಿ ಬೆಳಗ್ಗೆ ನೇರ ಇಳಿಜಾರಿಗೆ ಹೊರಟರೆ, ಆ ಇಳಿಜಾರಿನಿಂದ ಸಿಗುವುದು ಸೊನ್ನೆ. ತುಂಬಿದ ಕೊಡಕ್ಕೆ ಇನ್ನಷ್ಟು ನೀರು ಹೇಗೆ ಹಿಡಿಯುತ್ತದೆ? ಅಂಥ ಕಡೆ 90ಕ್ಕೇ ಚಾರ್ಜರ್ ತೆಗೆದರೆ ಆಯಿತು.

ಈಗ ದಾರಿಯ ಲೆಕ್ಕ.

ಮ್ಯಾಪ್‌ಗಳು ದಾರಿ ಹುಡುಕುವ ವಿಧಾನದ ಬೇರು ಇರುವುದು ಎಡ್ಸ್‌ಗರ್ ಡೈಕ್‌ಸ್ಟ್ರಾ ಎಂಬ ಡಚ್ ವಿಜ್ಞಾನಿಯ ಒಂದು ಯೋಚನೆಯಲ್ಲಿ. 1956ರಲ್ಲಿ ಅವರು ಆ್ಯಮ್‌ಸ್ಟರ್‌ಡ್ಯಾಮ್‌ನಲ್ಲಿ ತಾವು ಮದುವೆಯಾಗಲಿದ್ದ ಹುಡುಗಿಯ ಜೊತೆ ಅಂಗಡಿ ಸುತ್ತಿ ಸುಸ್ತಾಗಿ, ಒಂದು ಕಾಫಿ ಅಂಗಡಿಯಲ್ಲಿ ಕೂತಿದ್ದರು. ಪೆನ್ನು ಕಾಗದ ಇಲ್ಲದೆ ಇಪ್ಪತ್ತೇ ನಿಮಿಷದಲ್ಲಿ ಇದು ಹೊಳೆಯಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಅಚ್ಚಾಗಿದ್ದು 1959ರಲ್ಲಿ. ಕಾಫಿ ಬೆಳೆಯುವವರು ನಾವು, ಈ ಕತೆ ಹೇಳುವಾಗೆಲ್ಲ ನನಗೆ ಖುಷಿಯಾಗುತ್ತದೆ.

ಯೋಚನೆ ಸರಳ. ಹೊರಟ ಜಾಗದಿಂದ ಒಂದೊಂದೇ ಕವಲು ಮುಟ್ಟುತ್ತಾ ಹೋಗಿ. ಪ್ರತಿ ಕವಲಿಗೂ ಒಂದು ಚೀಟಿ ಅಂಟಿಸಿ: ಇಲ್ಲಿಗೆ ಬರಲು ಎಲ್ಲಕ್ಕಿಂತ ಕಡಿಮೆ ಎಷ್ಟು ನಿಮಿಷ ಸಾಕು ಅಂತ. ಅದಕ್ಕಿಂತ ಕಡಿಮೆಯ ದಾರಿ ಸಿಕ್ಕರೆ ಹಳೆ ಚೀಟಿ ಹರಿದು ಹೊಸದು ಹಾಕಿ. ಒಂದು ಜಾಗಕ್ಕೆ ಒಂದೇ ಚೀಟಿ. ವಿಧಾನ ಇಷ್ಟು ಬೇಗ ಮುಗಿಯುವುದೇ ಇದರಿಂದ.

ನಿಮ್ಮ ವಿಷಯದಲ್ಲಿ ಕೈಕೊಡುವುದೂ ಇದೇ ಜಾಗದಲ್ಲಿ. ನಿಮಗೆ ಮುಖ್ಯವಾದ ಸಂಖ್ಯೆ ಎರಡು: ನಿಮಿಷ ಮತ್ತು ಬ್ಯಾಟರಿ. ಚೀಟಿಯಲ್ಲಿ ಒಂದೇ ಬರೆದರೆ ಇನ್ನೊಂದು ಮರೆತುಹೋಗುತ್ತದೆ.

ನೀವು ಕಳಿಸಿದ ಅಂಕಿಗಳಲ್ಲೇ ತೋರಿಸುತ್ತೇನೆ. ನಿಮ್ಮ ಶೆಡ್ಡಿನಿಂದ ಅಂಗಡಿ ತಿರುವಿಗೆ ಮೂರು ದಾರಿ ಅಂದಿದ್ದೀರಿ. ಗುಡ್ಡ ಹತ್ತಿ ಇಳಿಯುವುದು: 15 ನಿಮಿಷ, 12 ಪರ್ಸೆಂಟ್ ಬ್ಯಾಟರಿ. ಹೊಳೆ ಬದಿಯದ್ದು: 22 ನಿಮಿಷ, 7 ಪರ್ಸೆಂಟ್. ಎಸ್ಟೇಟ್ ಗೇಟ್ ಒಳಗಿಂದ ಹೋಗುವುದು: 25 ನಿಮಿಷ, 8 ಪರ್ಸೆಂಟ್. ಅಂಗಡಿ ತಿರುವಿನಿಂದ ಮೇಲಿನ ಹೋಂಸ್ಟೇಗೆ ಎರಡು. ನೆತ್ತಿ ದಾಟಿ ಇಳಿಯುವ ಕಾಂಕ್ರೀಟ್ ರಸ್ತೆ: 14 ನಿಮಿಷ, 16 ಪರ್ಸೆಂಟ್. ಗುಡ್ಡದ ಸೊಂಟದಲ್ಲಿ ಸುತ್ತಿಕೊಂಡು ಹೋಗುವುದು: 24 ನಿಮಿಷ, 10 ಪರ್ಸೆಂಟ್.

ಆ ಹೋಂಸ್ಟೇ ಮುಟ್ಟಲು ನೀವು 25 ಪರ್ಸೆಂಟ್ ಖರ್ಚು ಮಾಡಬಹುದು ಅಂತಿರಲಿ.

ಬರೀ ನಿಮಿಷ ನೋಡುವ ಮ್ಯಾಪ್ ಗುಡ್ಡ, ನೆತ್ತಿ ಎರಡನ್ನೂ ಆರಿಸುತ್ತದೆ. 29 ನಿಮಿಷ, 28 ಪರ್ಸೆಂಟ್. ನೀವು ಮೊನ್ನೆ ನಿಂತಿದ್ದು ಇಲ್ಲೇ. ಈಗ ಆ ಮ್ಯಾಪ್‌ಗೆ ಬ್ಯಾಟರಿಯನ್ನೂ ನೋಡು ಅಂತ ಹೇಳಿದೆವು ಅಂದುಕೊಳ್ಳಿ. ಆದರೆ ಕವಲಿಗೆ ಒಂದೇ ಚೀಟಿ ಅನ್ನುವ ನಿಯಮ ಹಾಗೇ ಇದೆ. ಅಂಗಡಿ ತಿರುವಿನಲ್ಲಿ 15 ನಿಮಿಷದ ಚೀಟಿ ಮಾತ್ರ ಉಳಿದಿರುತ್ತದೆ, ಹೊಳೆ ಬದಿಯ ಚೀಟಿ ಆಗಲೇ ಹರಿದುಹೋಗಿದೆ. ಹಾಗಾಗಿ ಅದು ಗುಡ್ಡ ಹತ್ತಿ, ಆಮೇಲೆ ಸೊಂಟದ ದಾರಿ ಹಿಡಿ ಅನ್ನುತ್ತದೆ. 39 ನಿಮಿಷ, 22 ಪರ್ಸೆಂಟ್. ನಿಜವಾದ ಒಳ್ಳೆ ದಾರಿ ಮೊದಲು ಹೊಳೆ ಬದಿ, ಆಮೇಲೆ ನೆತ್ತಿ. 36 ನಿಮಿಷ, 23 ಪರ್ಸೆಂಟ್.

ಮೂರು ನಿಮಿಷ ತಾನೇ ಅಂತ ಬಿಡಬೇಡಿ. ಮಳೆ ದಿನ ಕರೆಂಟು ಹೋಗಿ ಚಾರ್ಜ್ ಕಡಿಮೆ ಆಗಿ, 25ರ ಬದಲು 20 ಪರ್ಸೆಂಟ್ ಮಾತ್ರ ಇದೆ ಅನ್ನಿ. ಒಂದೇ ಚೀಟಿಯ ಲೆಕ್ಕ ಹೋಗಲು ದಾರಿಯೇ ಇಲ್ಲ ಅನ್ನುತ್ತದೆ. ಇದೆ! ಹೊಳೆ ಬದಿ, ಆಮೇಲೆ ಸೊಂಟದ ದಾರಿ, 46 ನಿಮಿಷ, 17 ಪರ್ಸೆಂಟ್. ಹೋಂಸ್ಟೇಯವರು ಹಾಲಿಗೆ ಕಾಯುತ್ತಿದ್ದಾರೆ, ನೀವು ಹೋಗಬಹುದಿತ್ತು, ಲೆಕ್ಕ ತಪ್ಪಿದ್ದರಿಂದ ಹೋಗಲಿಲ್ಲ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದು. ನಿಧಾನದ ದಾರಿ ಅಂತ ಮೊದಲೇ ಎಸೆದಿದ್ದು, ಮುಂದಿನ ಏರಿಗೆ ಬೇಕಾದ ಚಾರ್ಜ್ ಉಳಿಸಿಕೊಟ್ಟಿರುತ್ತದೆ.

ಹಾಗಾದರೆ ಏನು ಮಾಡಬೇಕು? ಪ್ರತಿ ಕವಲಿಗೆ ಎಷ್ಟು ಬೇಕಾದರೂ ಚೀಟಿ ಇರಲಿ. ಒಂದೊಂದರಲ್ಲೂ ಎರಡು ಸಂಖ್ಯೆ. ಹರಿಯುವುದು ಯಾವಾಗ ಅಂದರೆ, ಒಂದು ಚೀಟಿ ಇನ್ನೊಂದರ ಮುಂದೆ ಎರಡರಲ್ಲೂ ಸೋತಾಗ ಮಾತ್ರ. ಎಸ್ಟೇಟ್ ಗೇಟ್ ದಾರಿ ನೋಡಿ: 25 ನಿಮಿಷ, 8 ಪರ್ಸೆಂಟ್. ಹೊಳೆ ಬದಿಯದ್ದು 22 ಮತ್ತು 7. ಸಮಯದಲ್ಲೂ ಸೋತಿದೆ, ಬ್ಯಾಟರಿಯಲ್ಲೂ ಸೋತಿದೆ. ಅದನ್ನು ಧೈರ್ಯವಾಗಿ ಹರಿಯಿರಿ. ಗುಡ್ಡದ ದಾರಿ ಮತ್ತು ಹೊಳೆ ಬದಿ ಎರಡೂ ಉಳಿಯಲಿ. ಒಂದು ಬೇಗ, ಒಂದು ಅಗ್ಗ.

ಚೀಟಿ ತುಂಬಾ ಆಗುವುದಿಲ್ಲವೇ? ಆಗಬಹುದು. ಪ್ರತಿ ಕವಲಿನಲ್ಲೂ ಎರಡು ಆಯ್ಕೆ ಅಂದರೆ 10 ಕವಲಿಗೆ 1,024 ದಾರಿ, 20 ಕವಲಿಗೆ ಹತ್ತು ಲಕ್ಷ ದಾಟುತ್ತದೆ. ಈ ಸಮಸ್ಯೆ ಕಷ್ಟದ ಜಾತಿಗೆ ಸೇರಿದ್ದು. ಯಾವ ನಕ್ಷೆ ಕೊಟ್ಟರೂ ಖಂಡಿತ ಬೇಗ ಬಿಡಿಸುವ ವಿಧಾನವನ್ನು ಇದುವರೆಗೆ ಯಾರೂ ಕಂಡುಹಿಡಿದಿಲ್ಲ. ಆದರೆ ನಿಜವಾದ ರಸ್ತೆಗಳಲ್ಲಿ ಹೆಚ್ಚಿನ ಚೀಟಿಗಳು ಎರಡರಲ್ಲೂ ಸೋಲುತ್ತವೆ. ಒಂದು ಊರಿನ ನಕ್ಷೆಯಲ್ಲಿ ಕೈಯಲ್ಲೇ ಮಾಡಿ ಮುಗಿಸಬಹುದು.

ಚೀಟಿ ಇನ್ನೂ ಕಡಿಮೆ ಮಾಡಲು ಒಂದು ಉಪಾಯ ಇದೆ, ನೀವು ಮತ್ತೆ ದಾರಿಯಲ್ಲಿ ನಿಲ್ಲದಿರಲೂ ಅದು ಬೇಕು. ಮೊದಲು ಉಲ್ಟಾ ಲೆಕ್ಕ ಹಾಕಿ. ಒಂಬತ್ತು ಜಾಗದಲ್ಲಿ ಪ್ರತಿಯೊಂದರಿಂದಲೂ ಶೆಡ್ಡಿಗೆ ವಾಪಸ್ ಬರಲು ಕಡಿಮೆ ಅಂದರೆ ಎಷ್ಟು ಪರ್ಸೆಂಟ್ ಬೇಕು? ಬರೀ ಬ್ಯಾಟರಿ ನೋಡಿ, ಸಮಯ ಬೇಡ. ಅದನ್ನು ಆ ಜಾಗದ ಹೆಸರಿನ ಪಕ್ಕ ಕೆಂಪು ಇಂಕಿನಲ್ಲಿ ಬರೆಯಿರಿ. ಯಾವ ಚೀಟಿಯಲ್ಲಾದರೂ ಉಳಿದ ಬ್ಯಾಟರಿ ಈ ಕೆಂಪು ಸಂಖ್ಯೆಗಿಂತ ಕೆಳಗಿದ್ದರೆ ಆ ಚೀಟಿ ಹರಿಯಿರಿ, ಎಷ್ಟೇ ಬೇಗದ್ದಾಗಿರಲಿ. ಹೋಗುವುದು ಮತ್ತು ಬರುವುದು ಒಂದೇ ಅಲ್ಲ ಅನ್ನುವುದು ನೆನಪಿರಲಿ. ಹೋಗುವಾಗ ಇಳಿಜಾರು ಅಂತ 4 ಪರ್ಸೆಂಟ್ ಆಗಿದ್ದು ಬರುವಾಗ 13 ಆಗಬಹುದು.

ಈ ಅಂಕಿಗಳನ್ನು ಯಾರ ಪುಸ್ತಕದಿಂದಲೂ ತೆಗೆಯಬೇಡಿ, ನಿಮ್ಮ ಗಾಡಿಯಿಂದಲೇ ತೆಗೆಯಿರಿ. ಹೋದ ಚಳಿಗಾಲ ಗೆಳೆಯರೊಬ್ಬರ ಗೂಡ್ಸ್ ಆಟೊದಲ್ಲಿ ನಾನು ಗೆರೆ ಹಾಕಿದ ನೋಟ್‌ಬುಕ್ ಹಿಡಿದು ಇಡೀ ಬೆಳಗ್ಗೆ ಕೂತಿದ್ದೆ. ಕಾಫಿ ಕೊಯ್ಲಿನ ಸಮಯ. ಹಿಂದೆ ಹಸಿ ಹಣ್ಣಿನ ಚೀಲಗಳು. ಏರಿನ ಬುಡದಲ್ಲಿ ಮೀಟರ್ 61 ತೋರಿಸುತ್ತಿತ್ತು. ಮೊದಲ ತಿರುವಿನಲ್ಲಿ 58. ಎರಡನೇ ತಿರುವಿನಲ್ಲಿ ಎದುರಿಂದ ಜೀಪ್ ಬಂತು, ನಿಲ್ಲಿಸಿ ಮತ್ತೆ ಎತ್ತಿದ ಕೂಡಲೇ 55. ಮೇಲೆ ಕಣದ ಹತ್ತಿರ ಬಂದಾಗ 48. ಅದೇ ಏರು, ಚೀಲ ಇಳಿಸಿ ಎರಡನೇ ಸಲ ಖಾಲಿ ಹೋದಾಗ 6 ಪರ್ಸೆಂಟ್ ಮಾತ್ರ ಇಳಿಯಿತು. ಗೆಳೆಯರಿಗೇ ಆಶ್ಚರ್ಯ. ಮೂರು ವರ್ಷದಿಂದ ಅದೇ ದಾರಿಯಲ್ಲಿ ಓಡಿಸುತ್ತಿದ್ದಾರೆ, ಒಂದು ಸಲವೂ ಬರೆದು ನೋಡಿರಲಿಲ್ಲ. ನೀವು ಒಂದು ವಾರ ಬರೆಯಿರಿ. ಕವಲು, ಗಂಟೆ, ಪರ್ಸೆಂಟ್, ಹಿಂದೆ ಎಷ್ಟು ಭಾರ. ಇಷ್ಟೇ. ಮೀಟರ್ ಒಂದೊಂದು ಸಲ ಜಿಗಿಯುತ್ತದೆ, ಅದಕ್ಕೆ ಒಂದೇ ದಿನದ ಅಂಕಿ ನಂಬಬೇಡಿ.

ಎರಡನೇ ಪ್ರಶ್ನೆ, ಒಂಬತ್ತು ಜಾಗದ ಕ್ರಮ. ಇದು ಬೇರೆ ಸಮಸ್ಯೆ. 1959ರಲ್ಲೇ ಡ್ಯಾಂಟ್‌ಜಿಗ್ ಮತ್ತು ರಾಮ್ಸರ್ ಎಂಬಿಬ್ಬರು ಇದರ ಬಗ್ಗೆ ಬರೆದರು. ಅವರ ಎದುರಿಗಿದ್ದದ್ದು ಡಿಪೋದಿಂದ ಬಂಕ್‌ಗಳಿಗೆ ಪೆಟ್ರೋಲ್ ಒಯ್ಯುವ ಲಾರಿಗಳು. ಒಂಬತ್ತು ಜಾಗವನ್ನು 3,62,880 ರೀತಿ ಜೋಡಿಸಬಹುದು. ಕೇಳಲು ಜಾಸ್ತಿ, ಆದರೆ ಕಂಪ್ಯೂಟರ್‌ಗೆ ಇದು ಏನೂ ಅಲ್ಲ. ಇದುವರೆಗೆ ಯಾವ್ಯಾವ ಜಾಗ ಮುಗಿದಿದೆ, ಈಗ ಎಲ್ಲಿದ್ದೇನೆ ಅಂತ ಮಾತ್ರ ನೆನಪಿಟ್ಟರೆ ಸಾಕು, ಯಾವ ಕ್ರಮದಲ್ಲಿ ಮುಗಿಯಿತು ಅನ್ನುವುದು ಬೇಡ. 1962ರ ಹೊತ್ತಿಗೆ ಬೆಲ್‌ಮನ್ ಎಂಬ ಗಣಿತಜ್ಞ ಒಂದು ಕಡೆ, ಹೆಲ್ಡ್ ಮತ್ತು ಕಾರ್ಪ್ ಇನ್ನೊಂದು ಕಡೆ ಇದನ್ನು ತೋರಿಸಿಕೊಟ್ಟರು. ಹೀಗೆ ಮಾಡಿದರೆ ನಿಮ್ಮ ಮೂರೂವರೆ ಲಕ್ಷ ಕೆಲವೇ ಸಾವಿರಕ್ಕೆ ಇಳಿಯುತ್ತದೆ.

ಕೈಯಲ್ಲಿ ಮಾಡುವವರಿಗೆ ನಾನು ಹೇಳುವುದು ಒಂದೇ: ಒಂದು ಗುಡ್ಡವನ್ನು ಒಂದೇ ಸಲ ಹತ್ತಿ. ಭಾರದ ಸಾಮಾನು ಮೊದಲು ಇಳಿಸಿ ಅಂತ ಎಲ್ಲರೂ ಹೇಳುತ್ತಾರೆ. ಅದು ಸರಿ, ಆದರೆ ಅದರ ಉಳಿತಾಯ ಸಣ್ಣದು. 200 ಕಿಲೋ ಅಕ್ಕಿಯನ್ನು ಸುಮ್ನೆ 200 ಮೀಟರ್ ಮೇಲೆ ಹೊತ್ತು ತಂದರೆ ನಿಮ್ಮ ಬ್ಯಾಟರಿಯಲ್ಲಿ 2 ಪರ್ಸೆಂಟ್‌ಗಿಂತ ಕಡಿಮೆ ಹೋಗುತ್ತದೆ. ಅದೇ ಗುಡ್ಡವನ್ನು ಗಾಡಿ ಸಮೇತ ಎರಡನೇ ಸಲ ಹತ್ತಿದರೆ ಸುಮಾರು 8. ನಿಮ್ಮ ಪಟ್ಟಿ ನೋಡಿದೆ. ಬೆಳಗ್ಗೆ ಹಾಲಿಗೆ ಅಂತ ಮೇಲಿನ ಹೋಂಸ್ಟೇಗೆ ಹೋಗುತ್ತೀರಿ, ಹನ್ನೊಂದಕ್ಕೆ ತರಕಾರಿಗೆ ಅಂತ ಅದರ ಪಕ್ಕದ ಮನೆಗೆ ಮತ್ತೆ ಹೋಗುತ್ತೀರಿ. ಆ ಪಕ್ಕದ ಮನೆಯವರ ಹತ್ತಿರ ಮಾತಾಡಿ. "ಅಕ್ಕಾ, ತರಕಾರಿ ಬೆಳಗ್ಗೆ ಏಳೂವರೆಗೇ ತಂದುಕೊಟ್ಟರೆ ಆಗುತ್ತಾ?" ಈ ಒಂದು ಮಾತಿನಿಂದ ಉಳಿಯುವಷ್ಟು ಚಾರ್ಜ್ ಯಾವ ಲೆಕ್ಕದಿಂದಲೂ ಉಳಿಯಲಿಕ್ಕಿಲ್ಲ. ಸಮಯದ ಕಟ್ಟುಪಾಡು ಸಡಿಲಾದರೆ ದಾರಿಯ ಲೆಕ್ಕ ತಾನಾಗಿ ಸುಲಭವಾಗುತ್ತದೆ.

ಚೀಟಿ ಬರೆಯಲು ಪುರಸೊತ್ತಿಲ್ಲದವರಿಗೆ ಒಂದು ಒರಟು ಉಪಾಯವೂ ಇದೆ. ಬ್ಯಾಟರಿಗೆ ನಿಮಿಷದಲ್ಲಿ ಬೆಲೆ ಕಟ್ಟುವುದು. ಒಂದು ಪರ್ಸೆಂಟ್‌ಗೆ ಒಂದೂವರೆ ನಿಮಿಷ ಅನ್ನಿ. ಆಗ ಗುಡ್ಡದ ದಾರಿ 15 ಜೊತೆ 18, ಒಟ್ಟು 33. ಹೊಳೆ ಬದಿ 22 ಜೊತೆ 10.5, ಒಟ್ಟು 32.5. ಹೊಳೆ ಬದಿಯೇ ಅಗ್ಗ. ಮುಂದೆ ನೆತ್ತಿ 38, ಸೊಂಟದ ದಾರಿ 39. ನೆತ್ತಿ ಅಗ್ಗ. ನಾವು ಮೇಲೆ ಕಂಡುಕೊಂಡ ಉತ್ತರವೇ ಬಂತಲ್ವಾ? ಬೆಲೆ 1 ನಿಮಿಷಕ್ಕೆ ಇಳಿಸಿದರೆ ಗುಡ್ಡ, ನೆತ್ತಿ ಎರಡೂ ಬಂದು ಬ್ಯಾಟರಿ ಸಾಲುವುದಿಲ್ಲ. 2 ನಿಮಿಷಕ್ಕೆ ಏರಿಸಿದರೆ ಎರಡೂ ಕಡೆ ನಿಧಾನದ ದಾರಿ ಬರುತ್ತದೆ. ಬೆಲೆ ಏರಿಸುತ್ತಾ ಇಳಿಸುತ್ತಾ ಹೊಂದಿಸಬೇಕು. ಮಳೆಗಾಲಕ್ಕೆ ಜಾಸ್ತಿ ಬೆಲೆ, ಬೇಸಿಗೆಗೆ ಕಡಿಮೆ. ಆದರೆ ಇದರಲ್ಲಿ ಒಂದು ಲೋಪ ಇದೆ. ನಿಮ್ಮ ಹತ್ತಿರ ಸರಿಯಾಗಿ 22 ಪರ್ಸೆಂಟ್ ಇದ್ದಾಗ ಗುಡ್ಡ ಹತ್ತಿ ಸೊಂಟದ ದಾರಿ ಹಿಡಿಯುವುದೇ ಸರಿ, 39 ನಿಮಿಷ. ಬೆಲೆ ಎಷ್ಟೇ ಇಟ್ಟರೂ ಆ ಉತ್ತರ ಬರುವುದೇ ಇಲ್ಲ, 46 ನಿಮಿಷದ್ದಕ್ಕೆ ನೂಕುತ್ತದೆ. ಚೀಟಿ ವಿಧಾನ ಇದನ್ನು ತಪ್ಪಿಸಿಕೊಳ್ಳುವುದಿಲ್ಲ. ಅದಕ್ಕೇ ನನಗೆ ಚೀಟಿಯ ಮೇಲೆ ಪ್ರೀತಿ ಜಾಸ್ತಿ.

ಮಧ್ಯೆ ಚಾರ್ಜ್ ಮಾಡುವ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸಾಮಾನು ಇಳಿಸುವ ಜಾಗದಲ್ಲಿ 15 ಆಂಪ್ ಪ್ಲಗ್ ಇದ್ದು, ನಿಮ್ಮ ಚಾರ್ಜರ್ 3 ಕಿಲೋವ್ಯಾಟ್‌ನದಾದರೆ ಇಪ್ಪತ್ತು ನಿಮಿಷಕ್ಕೆ ಸುಮಾರು ಒಂದು ಯೂನಿಟ್ ಒಳಗೆ ಬರುತ್ತದೆ, ಅಂದರೆ ನಿಮಗೆ 12 ಪರ್ಸೆಂಟ್. ಇಡೀ ಗುಡ್ಡದ ದಾರಿಯ ಖರ್ಚು ಅದು. ಕಾಫಿ ಕುಡಿದು ಲೆಕ್ಕ ಬರೆಸುವ ಹೊತ್ತಿಗೆ ಆಗಿಹೋಗುತ್ತದೆ. ಕರೆಂಟಿನ ದುಡ್ಡು ಕೊಟ್ಟುಬಿಡಿ, ಒಂದು ಯೂನಿಟ್‌ಗೆ ಎಷ್ಟು ಮಹಾ ಆಗುತ್ತದೆ? ಬ್ಯಾಟರಿ ತುಂಬುತ್ತಾ ಬಂದ ಹಾಗೆ ಚಾರ್ಜ್ ನಿಧಾನವಾಗುತ್ತದೆ. ಅದಕ್ಕೆ ಬೆಳಗ್ಗೆಯ ಮೊದಲ ಜಾಗಕ್ಕಿಂತ ಮಧ್ಯಾಹ್ನದ ಐದನೇ ಆರನೇ ಜಾಗದಲ್ಲಿ ಪ್ಲಗ್ ಸಿಕ್ಕರೆ ಲಾಭ. ಚೀಟಿ ಲೆಕ್ಕದಲ್ಲಿ ಇದನ್ನು ಇನ್ನೊಂದು ದಾರಿ ಅಂತ ಸೇರಿಸಿ: 20 ನಿಮಿಷ ಖರ್ಚು, 12 ಪರ್ಸೆಂಟ್ ಜಮಾ.

ಕಕ್ಕಡದ, ಅಂದರೆ ಜುಲೈ–ಆಗಸ್ಟ್ ಹೊತ್ತಿನ ನಮ್ಮ ಕೊಡವ ತಿಂಗಳ, ಮಳೆಯಲ್ಲಿ ಮಾತ್ರ ಬೇರೆ ನಿಯಮ. ಹೊಳೆ ಬದಿ ದಾರಿ ಮುಳುಗುತ್ತದೆ, ಗುಡ್ಡದ ಮೇಲೆ ಮರ ಬೀಳುತ್ತದೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ಹೆದ್ದಾರಿಯೇ ಕುಸಿದು ಮುಚ್ಚಿದ್ದನ್ನು ನೋಡಿದವರು ನಾವು. ಕಕ್ಕಡ ತಿಂಗಳು ಕೆಂಪು ಇಂಕಿನ ಸಂಖ್ಯೆಗೆ ಇನ್ನೂ 10 ಸೇರಿಸಿ ಇಟ್ಟುಕೊಳ್ಳಿ. ಅರ್ಧ ದಾರಿ ಹೋಗಿ ತಿರುಗಿ ಬರುವಷ್ಟು ಚಾರ್ಜ್ ಯಾವಾಗಲೂ ಇರಲಿ. ಅವತ್ತು ಒಂಬತ್ತೂ ಮುಗಿಯುವುದಿಲ್ಲ ಅಂತ ಗೊತ್ತಾದರೆ ಎಲ್ಲ ಕಡೆ ಹೋಗಲೇಬೇಕು ಅಂತ ಹಟ ಹಿಡಿಯಬೇಡಿ. ಯಾವುದು ಬಿಟ್ಟರೆ ನಡೆಯುತ್ತದೆ, ಯಾವುದು ಬಿಡಬಾರದು ಅಂತ ಪಟ್ಟಿಯಲ್ಲಿ ಮೊದಲೇ ಗುರುತು ಹಾಕಿ. ಮಗು ಇರುವ ಮನೆಯ ಹಾಲು ಮೊದಲು, ಅಂಗಡಿಯ ಈರುಳ್ಳಿ ನಾಳೆ. ಇದಕ್ಕೂ ಒಂದು ಲೆಕ್ಕ ಇದೆ: ಕಾಡಿನಲ್ಲಿ ನಕ್ಷೆ ಹಿಡಿದು, ಗೊತ್ತಾದ ಸಮಯದೊಳಗೆ ಆದಷ್ಟು ಗುರುತುಗಳನ್ನು ಮುಟ್ಟಿ ಬರುವ ಓರಿಯೆಂಟೀರಿಂಗ್ ಆಟದಿಂದಲೇ ಅದಕ್ಕೆ ಹೆಸರು ಬಂದಿದೆ. ಆದರೆ ಮೊದಲು ಯಾರ ಮನೆ ಅಂತ ತೀರ್ಮಾನ ಮಾಡಬೇಕಾದವರು ನೀವೇ.

ಆ್ಯಪ್ ಬೇಕಾ ಅಂದಿರಿ. ಒಂಬತ್ತು ಜಾಗಕ್ಕೆ ಬೇಡ. ಒಂದು ಡ್ರಾಯಿಂಗ್ ಶೀಟ್, ಎರಡು ಬಣ್ಣದ ಪೆನ್ನು, ಒಂದು ವಾರದ ನೋಟ್‌ಬುಕ್ ಸಾಕು. ಹದಿನೈದು ಇಪ್ಪತ್ತು ಜಾಗ ಆದ ದಿನ, ಅಥವಾ ಎರಡನೇ ಗಾಡಿ ಹಾಕಿದ ದಿನ, ಊರಿನಲ್ಲಿ ಕಂಪ್ಯೂಟರ್ ಓದುತ್ತಿರುವ ಹುಡುಗ ಹುಡುಗಿ ಯಾರಾದರೂ ಇರುತ್ತಾರೆ, ಅವರಿಗೆ ನೋಟ್‌ಬುಕ್ ಕೊಡಿ. ಬರೆಯುವಾಗ ಭಾರ ಮತ್ತು ಮಳೆ ಎರಡನ್ನೂ ಗುರುತು ಹಾಕಿರಿ. ಅದಿಲ್ಲದ ಅಂಕಿ ಆಮೇಲೆ ಅವರಿಗೂ ಉಪಯೋಗಕ್ಕೆ ಬರುವುದಿಲ್ಲ.